ಐದು, ಎಂಟು, ಇಪ್ಪತ್ನಾಲ್ಕು

ವಿಜಯಪುರ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಗೆ ದೇವಣಗಾಂವ ಎಂಬ ಊರಿದೆ. ಬಹುಕಾಲ ಸಿಂದಗಿ ತಾಲ್ಲೂಕಿನಲ್ಲಿದ್ದ ಊರು, ಈಗ ಆಲಮೇಲ ತಾಲ್ಲೂಕಿನ ಲೆಕ್ಕಕ್ಕೆ ಬಂದಿದೆ. ಈ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂದು ಅಲ್ಲಿನ ಎರಡನೇ ಇಯತ್ತೆಯ ಮಕ್ಕಳನ್ನು ಕೇಳಿದರೆ ದೇ, ವ, ಣ, ಗಾಂ, ವ ಎಂದು ಬೆರಳು ಮಡಚಿ ಐದು ಎನ್ನುತ್ತಾರೆ. ಅದೇ ಹೆಸರನ್ನು ಪೈಥಾನ್ ಭಾಷೆಯ ‘ಲೆನ್’ ಎಂಬ ಆಜ್ಞೆಗೆ ಕೊಟ್ಟರೆ ಉತ್ತರ ಎಂಟು. ಹೆಸರನ್ನಷ್ಟೇ ಒಂದು ಫೈಲಿಗೆ ಬರೆದು ಫೈಲಿನ ಗಾತ್ರ ನೋಡಿದರೆ ಇಪ್ಪತ್ನಾಲ್ಕು ಬೈಟು. ಯಾರ ಲೆಕ್ಕವೂ ತಪ್ಪಲ್ಲ. ಮೂವರೂ ಬೇರೆ ಬೇರೆ ವಸ್ತುಗಳನ್ನು ಎಣಿಸುತ್ತಿದ್ದಾರೆ, ಅಷ್ಟೇ.

ಕಂಪ್ಯೂಟರಿನಲ್ಲಿ ಕನ್ನಡ ಕೆಟ್ಟಾಗಲೆಲ್ಲ ‘ನಮ್ಮ ಲಿಪಿ ಬಲು ಜಟಿಲ’ ಎಂಬ ಸಮಜಾಯಿಷಿ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ನೂರಕ್ಕೆ ತೊಂಬತ್ತು ಸಲ ಕೆಟ್ಟಿರುವುದು ಲಿಪಿಯಲ್ಲ, ಅಳತೆ. ಎಂಟನ್ನು ಎಣಿಸಬೇಕಾದ ಕಡೆ ಇಪ್ಪತ್ನಾಲ್ಕನ್ನು, ಐದನ್ನು ಎಣಿಸಬೇಕಾದ ಕಡೆ ಎಂಟನ್ನು ಎಣಿಸಿರುತ್ತಾರೆ. ಈ ಅಧ್ಯಾಯದಲ್ಲಿ ಬರುವ ಉಪಕರಣಗಳೆಲ್ಲ ಈ ಮೂರು ಅಳತೆಗಳ ನಡುವೆ ಓಡಾಡುವ ಉಪಾಯಗಳು. ಉದಾಹರಣೆಗಳನ್ನು ಪೈಥಾನಿನಿಂದ ಆರಿಸಿಕೊಂಡಿದ್ದೇನೆ. ಕಲಿಯುವುದು ಸುಲಭ, ಕನ್ನಡ ಪಠ್ಯದ ಮೇಲೆ ಕೆಲಸ ಮಾಡಿದ ಸ್ವಯಂಸೇವಕ ತಂತ್ರಜ್ಞರಲ್ಲಿ ಹಲವರು ಬಳಸಿರುವುದೂ ಅದನ್ನೇ.

ಮೊದಲು ಎಂಟರ ಲೆಕ್ಕ. ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆ ಪ್ರಪಂಚದ ಬಹುತೇಕ ಲಿಪಿಗಳ ಚಿಹ್ನೆಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿದೆ. ಕನ್ನಡದ ಪಾಲಿಗೆ ಬಂದಿರುವುದು 3200ರಿಂದ 3327ರವರೆಗಿನ 128 ಮನೆಗಳು. ‘ದ’ ಇರುವುದು 3238ರಲ್ಲಿ, ಅದಕ್ಕೆ ಹತ್ತುವ ‘ೇ’ 3271ರಲ್ಲಿ, ಆಮೇಲೆ ‘ವ’ 3253, ‘ಣ’ 3235, ‘ಗ’ 3223, ‘ಾ’ 3262, ‘ಂ’ 3202, ಮತ್ತೆ ‘ವ’ 3253. ಒಟ್ಟು ಎಂಟು. ಇವನ್ನು ಸಂಕೇತಬಿಂದುಗಳು ಎನ್ನೋಣ. ಪೈಥಾನಿನಲ್ಲಿ ‘ಆರ್ಡ್’ ಎಂಬ ಆಜ್ಞೆಗೆ ಒಂದೊಂದೇ ಚಿಹ್ನೆ ಕೊಟ್ಟು ಈ ಸಂಖ್ಯೆಗಳನ್ನು ಯಾರಾದರೂ ತಾಳೆ ನೋಡಬಹುದು. ಇನ್ನು ಫೈಲಿಗೆ ಬರೆಯುವಾಗ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಸಂಕೇತಬಿಂದುವಿಗೂ ಮೂರು ಬೇಕು. ಎಂಟು ಮೂರಲೇ ಇಪ್ಪತ್ನಾಲ್ಕು.

ಪೈಥಾನ್ ಮೊದಲ ಬಾರಿಗೆ ಹೊರಬಂದದ್ದು 1991ರ ಫೆಬ್ರವರಿಯಲ್ಲಿ, ಯೂನಿಕೋಡಿನ ಮೊದಲ ಆವೃತ್ತಿ ಅದೇ ವರ್ಷದ ಅಕ್ಟೋಬರಿನಲ್ಲಿ. ಒಂದೇ ವರ್ಷದ ಕೂಸುಗಳಾದರೂ ಇವೆರಡಕ್ಕೂ ಸರಿಯಾಗಿ ಪರಿಚಯವಾಗಲು ಹದಿನೇಳು ವರ್ಷ ಹಿಡಿಯಿತು. ಹಳೆಯ ಪೈಥಾನಿನಲ್ಲಿ ಸಾಮಾನ್ಯ ಪಠ್ಯವೆಂದರೆ ಬೈಟುಗಳ ಸರಪಳಿ. 2000ದಲ್ಲಿ ಯೂನಿಕೋಡ್ ಪಠ್ಯವೂ ಬಂದಿತಾದರೂ ಬೇರೆಯದೇ ಜಾತಿಯಾಗಿ ಉಳಿಯಿತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಎರಡನ್ನೂ ಖಡಾಖಂಡಿತವಾಗಿ ಬೇರ್ಪಡಿಸಿತು. ಪಠ್ಯವೆಂದರೆ ಸಂಕೇತಬಿಂದುಗಳು, ಬೈಟು ಎಂದರೆ ಬೈಟು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಪದ್ಧತಿ ಎಂದು ಬಾಯಿಬಿಟ್ಟು ಹೇಳಬೇಕು. ಹಳೆಯ ಕೋಡು ಸಾಮೂಹಿಕವಾಗಿ ಮುರಿದುಬಿತ್ತು, ಇಂಗ್ಲಿಷಿನಲ್ಲಷ್ಟೇ ಕೆಲಸ ಮಾಡುವವರು ವರ್ಷಗಟ್ಟಲೆ ಗೊಣಗಿದರು. ಕನ್ನಡದವರಿಗೆ ಮಾತ್ರ ಅದು ಬಿಡುಗಡೆಯೇ.

ಬೈಟಿನ ಅಳತೆ ಎಲ್ಲಿ ಕಚ್ಚುತ್ತದೆ ನೋಡಿ. ಊರಿನ ಹೆಸರಿಗೆ 20 ಬೈಟು ಸಾಕು ಎಂದು ಯಾರೋ ಡೇಟಾಬೇಸಿನಲ್ಲಿ ನಿಗದಿ ಮಾಡಿದ್ದಾರೆ ಎಂದುಕೊಳ್ಳಿ. ಇಂಗ್ಲಿಷ್ ಹೆಸರುಗಳಿಗೆ ಧಾರಾಳವಾದ ಜಾಗ. ನಮ್ಮ ಊರಿನ ಮೊದಲ ಆರು ಸಂಕೇತಬಿಂದುಗಳು 18 ಬೈಟು ನುಂಗುತ್ತವೆ, ಏಳನೆಯ ಅನುಸ್ವಾರಕ್ಕೆ ಬೇಕಾದ ಮೂರರಲ್ಲಿ ಎರಡೇ ಉಳಿಯುತ್ತವೆ. ಉಳಿದದ್ದು ‘ದೇವಣಗಾ’ ಮತ್ತು ಬಾಲದಲ್ಲಿ ಒಂದು ಅರ್ಧ ಮುರಿದ ಚಿಹ್ನೆ. ಪೈಥಾನ್ 3 ಇದನ್ನು ಓದಲು ನಿರಾಕರಿಸಿ ದೋಷಸಂದೇಶ ಕೊಡುತ್ತದೆ. ಅವಸರದ ಪ್ರೋಗ್ರಾಮರು ‘ತಪ್ಪಿದ್ದರೆ ಬಿಟ್ಟುಬಿಡು’ ಎಂಬ ಆಯ್ಕೆ ಸೇರಿಸಿ ಸಂದೇಶದ ಬಾಯಿ ಮುಚ್ಚಿಸುತ್ತಾರೆ. ಆಗ ಊರಿನ ಹೆಸರಿನ ಬಾಲ ಸದ್ದಿಲ್ಲದೆ ಹೋಗಿರುತ್ತದೆ. ಆ ಆಯ್ಕೆಯನ್ನು ಕನ್ನಡ ಪಠ್ಯದ ಮೇಲೆ ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊಬೈಲಿನ ಎಸ್ಸೆಮ್ಮೆಸ್ ಇನ್ನೊಂದು ನಿದರ್ಶನ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡದ ಒಂದು ಚಿಹ್ನೆ ನುಸುಳಿದರೂ ಮಿತಿ 70 ಸಂಕೇತಬಿಂದುಗಳಿಗೆ ಇಳಿಯುತ್ತದೆ. ‘ಭೀಮಾ ನದಿಯಲ್ಲಿ ನೀರು ಹೆಚ್ಚುತ್ತಿದೆ, ದಂಡೆಗೆ ಹೋಗಬೇಡಿ’ ಎಂಬ ಎಚ್ಚರಿಕೆಯನ್ನು ಎಣಿಸಿ. ಓದುವವರ ಲೆಕ್ಕಕ್ಕೆ 19 ಅಕ್ಷರ. ದೂರವಾಣಿ ಜಾಲದ ಲೆಕ್ಕಕ್ಕೆ ಖಾಲಿ ಜಾಗ, ಅಲ್ಪವಿರಾಮ ಎಲ್ಲ ಸೇರಿ 47. ಊರಿನ ಹೆಸರು, ಹೊತ್ತು, ಸಂಪರ್ಕ ಸಂಖ್ಯೆ ಸೇರಿಸಿದರೆ ಒಂದೇ ಸಂದೇಶ ಎರಡಾಗುತ್ತದೆ, ಖರ್ಚೂ ಎರಡರಷ್ಟಾಗುತ್ತದೆ. ಸಂದೇಶ ಕಳಿಸುವ ತಂತ್ರಾಂಶ ಬರೆಯುವವರು ಇಲ್ಲಿ ಐದನ್ನಲ್ಲ, ಎಂಟನ್ನೇ ಎಣಿಸಬೇಕು.

ಹಳೆಯ ಕಡತಗಳ ವಿಷಯಕ್ಕೆ ಬಂದರೆ ಈ ಮೂರೂ ಅಳತೆಗಳಿಗೆ ಸಿಗದ ನಾಲ್ಕನೆಯದೊಂದು ಎದುರಾಗುತ್ತದೆ.

ಕನ್ನಡದ ಫೈಲೊಂದನ್ನು ತೆರೆದಾಗ ಕಲಸುಮೇಲೋಗರ ಕಂಡರೆ ಗಾಬರಿಯಾಗುವ ಮೊದಲು ಅದರ ಮುಖ ನೋಡಬೇಕು. ಚಿಕ್ಕ ‘ಎ’ ಮೇಲೊಂದು ಓರೆಗೆರೆ, ಪಕ್ಕದಲ್ಲೇ ಮೇಲಕ್ಕೆತ್ತಿ ಬರೆದ ಪುಟ್ಟ 2, ಈ ಜೋಡಿ ಮತ್ತೆ ಮತ್ತೆ ಬರುತ್ತಿದ್ದರೆ ಸಮಾಧಾನಪಟ್ಟುಕೊಳ್ಳಿ. ಅದು ಸರಿಯಾದ ಯುಟಿಎಫ್-8 ಕನ್ನಡವೇ. ಯಾವುದೋ ತಂತ್ರಾಂಶ ಅದನ್ನು ಪಶ್ಚಿಮ ಯೂರೋಪಿನ ಪದ್ಧತಿಯಂತೆ ತಪ್ಪಾಗಿ ಓದಿದೆ. ತಪ್ಪು ಓದನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಓದಿಸಿದರೆ ಪಠ್ಯ ಮರಳಿ ಬರುತ್ತದೆ. ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ಅದರ ಬದಲು ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆಗೆರೆಯ ದೊಡ್ಡ ‘ಎ’, ಪೌಂಡಿನ ಗುರುತು, ಇಂಥವು ಕಂಡರೆ ಅದು ಬೇರೆಯೇ ರೋಗ. ಅದು ನುಡಿ ಅಥವಾ ಬರಹ ಎಂಬ ಕನ್ನಡ ಬರವಣಿಗೆಯ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬರೆದ ಪಠ್ಯ.

1998ರಲ್ಲಿ ಶೇಷಾದ್ರಿವಾಸು ಅವರು ಬರಹವನ್ನು ಹೊರತಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿದಾಗ ಸಾಮಾನ್ಯ ಕಂಪ್ಯೂಟರುಗಳಲ್ಲಿ ಯೂನಿಕೋಡ್ ಕನ್ನಡ ಇನ್ನೂ ನೆಟ್ಟಗೆ ಮೂಡುತ್ತಿರಲಿಲ್ಲ. ಹಾಗಾಗಿ ಅವರು ಹಿಡಿದದ್ದು ಜಾಣ ದಾರಿ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಚಿತ್ರಿಸಿಟ್ಟರು. ಆ ನಾಲ್ಕನೆಯ ಅಳತೆ ಈ ತುಣುಕೇ. ನುಡಿಯಲ್ಲಿ ‘ಕನ್ನಡ’ ಎಂಬ ಪದ ಏಳು ತುಣುಕು: ದೊಡ್ಡ ‘ಪಿ’ಯ ಜಾಗದಲ್ಲಿ ‘ಕ’ದ ಒಡಲು, ಓರೆಗೆರೆಯ ‘ಎ’ ಜಾಗದಲ್ಲಿ ತಲೆಕಟ್ಟು, ಪೌಂಡಿನ ಗುರುತಿನಲ್ಲಿ ‘ನ’ದ ಒಡಲು, ಮತ್ತೆ ತಲೆಕಟ್ಟು, ಜರ್ಮನ್ ಭಾಷೆಯ ಜೋಡಿ ‘ಎಸ್’ ಜಾಗದಲ್ಲಿ ‘ನ’ ಒತ್ತು, ಚಿಕ್ಕ ‘ಕ್ಯೂ’ನಲ್ಲಿ ‘ಡ’ದ ಒಡಲು, ಕೊನೆಗೊಂದು ತಲೆಕಟ್ಟು. ಕಂಪ್ಯೂಟರಿಗೆ ಇದು ಕನ್ನಡವೆಂದೇ ಗೊತ್ತಿಲ್ಲ. ಅದು ಇಂಗ್ಲಿಷನ್ನೇ ಇಟ್ಟುಕೊಂಡಿದೆ. ಕನ್ನಡವಾಗಿರುವುದು ಫಾಂಟಿನ ಚಿತ್ರ ಮಾತ್ರ.

ಈ ವಿಧಾನದ ವಂಶಾವಳಿ ಅಚ್ಚುಮೊಳೆಯ ಕಾಲಕ್ಕೆ ಹೋಗುತ್ತದೆ. ವಚನಗಳನ್ನು ಆಯ್ದು ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದಾಗ ಅಲ್ಲಿ ಮೊಳೆ ಜೋಡಿಸುತ್ತಿದ್ದವರೂ ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರ, ಒತ್ತು, ದೀರ್ಘಗಳನ್ನು ಎತ್ತಿ ಇಡುತ್ತಿದ್ದರು. ಅಚ್ಚಿನ ಪುಟಕ್ಕೆ ಅದು ಸಾಕು. ಹುಡುಕಲು, ಎಣಿಸಲು, ಅಕಾರಾದಿಯಲ್ಲಿ ಜೋಡಿಸಲು ಸಾಲದು. ಏಕೆಂದರೆ ಕಾಣುವ ಕ್ರಮವೂ ಉಚ್ಚರಿಸುವ ಕ್ರಮವೂ ಕನ್ನಡದಲ್ಲಿ ಒಂದೇ ಅಲ್ಲ. ‘ಸೂರ್ಯ’ ಎನ್ನುವಾಗ ‘ರ’ಕಾರ ಮೊದಲು ಬಾಯಿಗೆ ಬರುತ್ತದೆ, ‘ಯ’ ಆಮೇಲೆ. ಕಾಗದದ ಮೇಲೆ ‘ಯ’ ಮೊದಲು, ಅರ್ಕಾವೊತ್ತು ಆಮೇಲೆ. ಯೂನಿಕೋಡ್ ಬಾಯಿಯ ಕ್ರಮವನ್ನು ಹಿಡಿದಿದೆ, ನುಡಿ ಫಾಂಟು ಕಣ್ಣಿನ ಕ್ರಮವನ್ನು. ತಮಾಷೆಯೆಂದರೆ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ ಟೈಪಿಸುವವರು ‘ರ’ ಒತ್ತಿ, ‘ಎಫ್’ ಕೀಲಿಯಿಂದ ಒತ್ತಕ್ಷರಕ್ಕೆ ಕೊಂಡಿ ಹಾಕಿ, ಆಮೇಲೆ ‘ಯ’ ಒತ್ತುತ್ತಾರೆ. ಬೆರಳುಗಳು ಬಾಯಿಯ ಕ್ರಮದಲ್ಲೇ ಓಡುತ್ತವೆ. ಫೈಲಿಗೆ ಹೋಗುವಾಗ ಕ್ರಮ ತಿರುಗಿಬಿಡುತ್ತದೆ.

ಹಾಗಾದರೆ ನುಡಿಯಿಂದ ಯೂನಿಕೋಡಿಗೆ ತರುವ ಪರಿವರ್ತಕ ಹೇಗೆ ಕೆಲಸ ಮಾಡಬೇಕು? ‘ಇದಕ್ಕೆ ಅದು’ ಎಂಬ ಪಟ್ಟಿ ಕೊಟ್ಟು ಬದಲಾಯಿಸುತ್ತಾ ಹೋದರಾಯಿತು ಎಂದು ಮೊದಲಿಗೆ ತೋರುತ್ತದೆ. ಮೊದಲ ಎಡವು ‘ಮ’ದಲ್ಲಿ. ನುಡಿಯಲ್ಲಿ ‘ಮ’ಕ್ಕೆ ಪ್ರತ್ಯೇಕ ಒಡಲಿಲ್ಲ, ‘ವ’ದ ಒಡಲು, ತಲೆಕಟ್ಟು, ಅದರ ಮುಂದೆ ಕೊಂಬು, ಹೀಗೆ ಮೂರು ತುಣುಕು ಸೇರಿ ‘ಮ’. ‘ಯ’ ಇನ್ನೂ ವಿಚಿತ್ರ, ಅದಕ್ಕೆ ನಾಲ್ಕು ತುಣುಕು, ಅವುಗಳಲ್ಲಿ ಮೊದಲನೆಯದು ಅನುಸ್ವಾರದ ಸೊನ್ನೆಯೇ. ಒಂದೊಂದೇ ತುಣುಕು ನೋಡುವ ಪರಿವರ್ತಕ ‘ಯ’ ಬಂದಲ್ಲೆಲ್ಲ ಒಂದು ಅನುಸ್ವಾರ ಉದುರಿಸಿ ಕಕ್ಕಾಬಿಕ್ಕಿಯಾಗುತ್ತದೆ. ಆದ್ದರಿಂದ ಮೊದಲ ನಿಯಮ: ನಾಲ್ಕು ತುಣುಕಿನ ಹೊಂದಿಕೆ ಇದೆಯೇ ನೋಡು, ಇಲ್ಲದಿದ್ದರೆ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಎರಡನೆಯ ನಿಯಮ ಒತ್ತಕ್ಷರಕ್ಕೆ. ‘ಕ್ಕೆ’ ಎಂಬಲ್ಲಿ ನುಡಿ ‘ಕ’, ಏತ್ವ, ‘ಕ’ ಒತ್ತು ಎಂದು ಇಟ್ಟಿರುತ್ತದೆ. ಯೂನಿಕೋಡಿಗೆ ‘ಕ’, ವಿರಾಮ (ಅಂದರೆ ‘್’ ಗುರುತು), ‘ಕ’, ಏತ್ವ ಬೇಕು. ಅಂದರೆ ಒತ್ತು ಕಂಡ ಕೂಡಲೇ ಈಗಾಗಲೇ ಬರೆದ ಸ್ವರಚಿಹ್ನೆಯನ್ನು ಹಿಂದೆ ತೆಗೆದು, ಒತ್ತನ್ನು ಇಟ್ಟು, ಸ್ವರವನ್ನು ಮತ್ತೆ ಅಂಟಿಸಬೇಕು. ಮೂರನೆಯದು ಅರ್ಕಾವೊತ್ತು. ಅದು ಕಂಡರೆ ಇಡೀ ಹಿಂದಿನ ಅಕ್ಷರವನ್ನು ದಾಟಿ ಅದಕ್ಕೂ ಮೊದಲು ‘ರ’ ಮತ್ತು ವಿರಾಮವನ್ನು ಕೂರಿಸಬೇಕು.

ಅರವಿಂದ ವಿ.ಕೆ. ಅವರು ಪೈಥಾನಿನಲ್ಲಿ ಬರೆದು ಮುಕ್ತವಾಗಿ ಹಂಚಿದ ಪರಿವರ್ತಕ ಇಂಥ ತೊಡಕುಗಳನ್ನೆಲ್ಲ ಎದುರಿಸಿದ್ದು. ಅದರ ಕೋಡನ್ನು ಓದುವುದೇ ಒಂದು ಪಾಠ. ದೊಡ್ಡ ಕಂಪನಿಯ ದೊಡ್ಡ ತಂತ್ರಾಂಶವಲ್ಲ. ಒಂದು ಪಟ್ಟಿ, ಕೆಲವು ನಿಯಮ, ಕನ್ನಡದ ಕಾಗುಣಿತ ಚೆನ್ನಾಗಿ ಬಲ್ಲ ಒಬ್ಬರ ತಾಳ್ಮೆ. 2012ರಲ್ಲಿ ಕರ್ನಾಟಕ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ ಮೇಲೂ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟಿನ ಕಡತಗಳು ಗುಡ್ಡೆಬಿದ್ದಿವೆ. ಪರಿವರ್ತಕದ ಕೆಲಸ ಇನ್ನೂ ಮುಗಿದಿಲ್ಲ.

ಪಠ್ಯ ಯೂನಿಕೋಡಿಗೆ ಬಂತು. ಇನ್ನಾದರೂ ನೆಮ್ಮದಿಯೇ? ಇಲ್ಲಿ ಯೂನಿಕೋಡಿನದೇ ಒಂದು ಕಿತಾಪತಿ ಇದೆ. ‘ೇ’ ಎಂಬ ಚಿಹ್ನೆಯನ್ನು 3271 ಎಂಬ ಒಂದೇ ಸಂಖ್ಯೆಯಿಂದ ಬರೆಯಬಹುದು. ಅಥವಾ ‘ೆ’ (3270) ಮತ್ತು ದೀರ್ಘದ ಗುರುತು ‘ೕ’ (3285) ಎಂದು ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಒಂದರಲ್ಲಿ ದೇವಣಗಾಂವ ಎಂಟು ಸಂಕೇತಬಿಂದು, ಇನ್ನೊಂದರಲ್ಲಿ ಒಂಬತ್ತು. ‘ಇವೆರಡೂ ಒಂದೇನಾ’ ಎಂದು ಪೈಥಾನನ್ನು ಕೇಳಿದರೆ ಅಲ್ಲ ಎನ್ನುತ್ತದೆ. ‘ೋ’ ಅಂತೂ ಮೂರು ತುಂಡಾಗಬಲ್ಲದು. ಆಪಲ್ ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಫೈಲುಗಳ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು.

ಇದರ ವಿಪರ್ಯಾಸ ಎಷ್ಟೆಂದು ತಿಳಿಯಲು ಇನ್ನೊಂದು ಉಪಕರಣ ಬೇಕು. 1965ರಲ್ಲಿ ಸೋವಿಯತ್ ವಿಜ್ಞಾನಿ ಲೆವೆನ್‌ಸ್ಟೈನ್ ಎರಡು ಪದಗಳ ನಡುವಣ ದೂರ ಅಳೆಯುವ ವಿಧಾನ ಕೊಟ್ಟರು. ಒಂದನ್ನು ಇನ್ನೊಂದಾಗಿಸಲು ಎಷ್ಟು ಚಿಹ್ನೆ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬ ಕನಿಷ್ಠ ಎಣಿಕೆಯೇ ದೂರ. ಮರಾಠಿಯ ಗಾಳಿ ಬೀಸುವ ಈ ಭಾಗದಲ್ಲಿ ‘ಗಾಂವ’ದ ಊರುಗಳ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದು ಮಾಮೂಲು. ದೇವಣಗಾಂವ, ದೇವಣಗಾವ: ದೂರ 1. ದೇವಣಗಾಂವ, ದೇವಣಗಾಂವ್: ದೂರ 1. ಎರಡು ಇಲಾಖೆಗಳ ಪಟ್ಟಿಗಳನ್ನು ಹೊಂದಿಸುವಾಗ ‘ದೂರ 1 ಇದ್ದರೆ ಒಂದೇ ಊರಿರಬಹುದು, ಕಣ್ಣಾರೆ ನೋಡಿ ಖಚಿತಪಡಿಸಿ’ ಎಂಬ ನಿಯಮ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕೂಡಿಸಿ ಬರೆದ ‘ೇ’ ಮತ್ತು ಬಿಡಿಸಿ ಬರೆದ ‘ೇ’ ನಡುವಣ ದೂರ 2! ಕಾಗುಣಿತ ತಪ್ಪಿ ಬರೆದದ್ದು ಹತ್ತಿರ, ತಪ್ಪಿಲ್ಲದೆ ಬರೆದದ್ದು ದೂರ.

ಮದ್ದು ಸುಲಭ. ಪೈಥಾನಿನ ಜೊತೆಗೇ ಬರುವ ಯೂನಿಕೋಡ್ ದತ್ತಾಂಶದ ಲೈಬ್ರರಿಯಲ್ಲಿ ‘ನಾರ್ಮಲೈಸ್’ ಎಂಬ ಆಜ್ಞೆಯಿದೆ. ಎನ್‌ಎಫ್‌ಸಿ ಎಂಬ ರೂಪ ಕೇಳಿದರೆ ಬಿಡಿಸಿದ್ದನ್ನೆಲ್ಲ ಕೂಡಿಸಿಕೊಡುತ್ತದೆ. ಹೊರಗಿನಿಂದ ಬಂದ ಯಾವ ಕನ್ನಡ ಪಠ್ಯವನ್ನೂ ಈ ಬಾಗಿಲು ದಾಟಿಸದೆ ಒಳಗೆ ಬಿಟ್ಟುಕೊಳ್ಳಬಾರದು. ಅನೂಪ್ ಕುಂಚುಕುಟ್ಟನ್ ಅವರು ಭಾರತೀಯ ಭಾಷೆಗಳಿಗಾಗಿ ಪೈಥಾನಿನಲ್ಲೇ ಬರೆದಿರುವ ಇಂಡಿಕ್ ಎನ್‌ಎಲ್‌ಪಿ ಲೈಬ್ರರಿಯಲ್ಲೂ ಕನ್ನಡಕ್ಕೆ ಇಂಥದೊಂದು ಬಾಗಿಲಿದೆ. ಪೈಥಾನಿನಲ್ಲಿ ಚರಾಂಶಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಆ ಹೆಸರುಗಳನ್ನು ಮಾತ್ರ ಪೈಥಾನ್ ಯಾರೂ ಹೇಳದೆಯೇ ಸಾಮಾನ್ಯೀಕರಿಸಿಕೊಳ್ಳುತ್ತದೆ. ನಮ್ಮ ದತ್ತಾಂಶದ ವಿಷಯದಲ್ಲಿ ಕೈ ಹಾಕುವುದಿಲ್ಲ. ಸರಿಯಾದ ನಿಲುವೇ, ಆದರೆ ತಿಳಿದಿರಬೇಕು.

ಕಣ್ಣಿಗೆ ಕಾಣದ ಇನ್ನೆರಡು ಪಾತ್ರಗಳಿವೆ, ಸಂಖ್ಯೆ 8204 ಮತ್ತು 8205. ‘ಸಾಫ್ಟ್‌ವೇರ್’ ಎಂಬಲ್ಲಿ ‘ವೇ’ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಮೊದಲನೆಯದು. ‘ರ‍್ಯಾಂಕ್’ ಎಂಬಲ್ಲಿ ‘ರ’ ಅರ್ಕಾವೊತ್ತಾಗದೆ ಪೂರ್ತಿ ನಿಲ್ಲುವಂತೆ ಮಾಡುವುದು ಎರಡನೆಯದು. ಬರವಣಿಗೆಗೆ ಇವು ಬೇಕೇ ಬೇಕು. ಹುಡುಕಾಟದ ಸೂಚಿ ಕಟ್ಟುವಾಗ ಮಾತ್ರ ಪಠ್ಯ, ಪ್ರಶ್ನೆ ಎರಡರಿಂದಲೂ ತೆಗೆದು ಹೋಲಿಸುವುದು ಒಳ್ಳೆಯದು. ಮೂಲ ಪಠ್ಯದಿಂದ ಅಳಿಸಬೇಡಿ.

ಈಗ ಪೈಥಾನಿನ ಮೇಲೆ ನನ್ನ ನಿಜವಾದ ತಕರಾರು. ಪಠ್ಯದಲ್ಲಿ ಮಾದರಿ ಹುಡುಕುವ ಅದರ ‘ರೀ’ ಲೈಬ್ರರಿಯಲ್ಲಿ ಪದಗಳನ್ನು ಆಯ್ದುಕೊಡು ಎನ್ನಲು ಒಂದು ಸಂಕ್ಷಿಪ್ತ ಗುರುತಿದೆ. ಇಂಗ್ಲಿಷಿಗೆ ಕರಾರುವಾಕ್ಕಾಗಿ ಕೆಲಸ ಮಾಡುತ್ತದೆ. ದೇವಣಗಾಂವವನ್ನು ಕೊಟ್ಟರೆ ಅದು ಮರಳಿಸುವುದು ಮೂರು ‘ಪದ’ಗಳನ್ನು: ದ, ವಣಗ, ವ. ಸ್ವರಚಿಹ್ನೆ, ವಿರಾಮ, ಅನುಸ್ವಾರಗಳನ್ನು ಅದು ಅಕ್ಷರವೆಂದೇ ಒಪ್ಪುವುದಿಲ್ಲ. ಖಾಲಿ ಜಾಗ ಸಿಕ್ಕಂತೆ ಅಲ್ಲಲ್ಲೇ ಕತ್ತರಿಸುತ್ತದೆ. ‘ಇದರಲ್ಲಿ ಅಕ್ಷರಗಳಷ್ಟೇ ಇವೆಯೇ’ ಎಂದು ಪರೀಕ್ಷಿಸುವ ‘ಈಸ್‌ಆಲ್ಫಾ’ ಎಂಬ ಆಜ್ಞೆಯ ಹಣೆಬರಹವೂ ಇಷ್ಟೇ. ‘ಬಸವ’ ಪಾಸು, ‘ಬಸವಣ್ಣ’ ನಪಾಸು. ಹೆಸರಿನ ಕಾಲಮಿನಲ್ಲಿ ಅಕ್ಷರಗಳನ್ನಷ್ಟೇ ಬರೆಯಿರಿ ಎಂದು ಕನ್ನಡದ ಹೆಸರನ್ನು ತಿರಸ್ಕರಿಸುವ ಅರ್ಜಿಗಳ ಹಿಂದೆ ಇಂಥ ಒಂದು ಸಾಲು ಅಡಗಿರುತ್ತದೆ. ಇದು ಹೊಸ ದೂರೂ ಅಲ್ಲ. 2007ರಲ್ಲೇ ಹಿಂದಿಯ ಉದಾಹರಣೆ ಕೊಟ್ಟು ಪೈಥಾನಿನ ದೋಷಗಳ ಪಟ್ಟಿಯಲ್ಲಿ ಇದನ್ನು ದಾಖಲಿಸಲಾಗಿದೆ. ಅದೇ ಪೈಥಾನ್ ಚರಾಂಶದ ಹೆಸರಾಗಿ ‘ಬಸವಣ್ಣ’ನನ್ನು ಸ್ವಾಗತಿಸುತ್ತದೆ, ‘೨೦೨೪’ ಎಂದು ಕನ್ನಡ ಅಂಕಿಗಳಲ್ಲಿ ಕೊಟ್ಟರೆ ತಕರಾರಿಲ್ಲದೆ 2024 ಎಂಬ ಸಂಖ್ಯೆಯಾಗಿ ಓದುತ್ತದೆ! ಒಂದೇ ಮನೆಯಲ್ಲಿ ಮೂರು ನಡವಳಿಕೆ.

ಸಮುದಾಯ ಕಂಡುಕೊಂಡ ದಾರಿಯೆಂದರೆ ‘ರೆಜೆಕ್ಸ್’ ಎಂಬ ಬದಲಿ ಲೈಬ್ರರಿ. ಮ್ಯಾಥ್ಯೂ ಬಾರ್ನೆಟ್ ಅವರು ಬರೆದ ಇದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಇದು ಸ್ವರಚಿಹ್ನೆಗಳನ್ನೂ ಪದದ ಭಾಗವೆಂದು ತಿಳಿಯುತ್ತದೆ. ದೇವಣಗಾಂವ ಇಡಿಯಾಗಿ ಕೈಗೆ ಬರುತ್ತದೆ.

ಇನ್ನು ಉಳಿದದ್ದು ಮಕ್ಕಳ ಅಳತೆ, ಐದು. ಎಲ್ಲಕ್ಕಿಂತ ಕಷ್ಟದ್ದು ಇದೇ. ಓದುಗರು ‘ಒಂದು ಅಕ್ಷರ’ ಎಂದು ಭಾವಿಸುವ ಗುಂಪನ್ನು ಗುರುತಿಸಲು ಯೂನಿಕೋಡ್ ತನ್ನದೇ ನಿಯಮಗಳನ್ನು ಕೊಟ್ಟಿದೆ. ಅವುಗಳ ಪ್ರಕಾರ ‘ದೇ’ ಒಂದು ಗುಂಪು, ‘ಗಾಂ’ ಒಂದು ಗುಂಪು. ದೇವಣಗಾಂವಕ್ಕೆ ಐದೇ ಬರುತ್ತದೆ. ಎಡವುವುದು ಒತ್ತಕ್ಷರದಲ್ಲಿ. ‘ಬಸವಣ್ಣ’ನನ್ನು ಬ, ಸ, ವ, ಣ್, ಣ ಎಂದು ಐದಾಗಿ ಒಡೆಯುತ್ತದೆ, ನಮಗೆ ನಾಲ್ಕೇ. 2023ರಲ್ಲಿ ಬಂದ ಯೂನಿಕೋಡಿನ 15.1ನೇ ಆವೃತ್ತಿ ಒತ್ತಕ್ಷರಗಳನ್ನು ಒಡೆಯಬಾರದೆಂಬ ಹೊಸ ನಿಯಮ ತಂದಿತು. ಆ ನಿಯಮ ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಇದೇ ಬಸವಣ್ಣನ ಹೆಸರನ್ನು ತೆಲುಗಿನಲ್ಲಿ ಬರೆದರೆ ನಾಲ್ಕು, ಕನ್ನಡದಲ್ಲಿ ಬರೆದರೆ ಐದು. ಅಕ್ಕಪಕ್ಕದ, ಅಣ್ಣತಮ್ಮಂದಿರಂಥ ಎರಡು ಲಿಪಿಗಳಿಗೆ ಎರಡು ನ್ಯಾಯ.

ಹಾಗಾಗಿ ಅಕ್ಷರ ಒಡೆಯುವ ನಿಯಮವನ್ನು ನಾವೇ ಬರೆದುಕೊಳ್ಳಬೇಕು. ಕಷ್ಟವೇನಿಲ್ಲ. ಒಂದು ವ್ಯಂಜನ, ಅದರ ಬೆನ್ನಿಗೆ ವಿರಾಮ, ಈ ಜೋಡಿ ಎಷ್ಟು ಸಲವಾದರೂ ಬರಲಿ, ಬಾರದೆಯೂ ಇರಲಿ. ಆಮೇಲೆ ಒಂದು ವ್ಯಂಜನ. ಅದಕ್ಕೊಂದು ಸ್ವರಚಿಹ್ನೆ ಇರಬಹುದು. ತುದಿಯಲ್ಲಿ ಅನುಸ್ವಾರ ಅಥವಾ ವಿಸರ್ಗ ಇರಬಹುದು. ಬಿಡಿ ಸ್ವರಗಳಿಗೆ ಒಂದು ನಿಯಮ, ಪದದ ಕೊನೆಯ ಅರ್ಧಾಕ್ಷರಕ್ಕೆ ಇನ್ನೊಂದು. ರೆಜೆಕ್ಸಿನಲ್ಲಿ ಇದೆಲ್ಲ ಒಂದೇ ಸಾಲು. ವ್ಯಂಜನವೆಂದರೆ ‘ಕ’ದಿಂದ ‘ಹ’ದವರೆಗೆ ಎಂದು ಬರೆದು ಕೈತೊಳೆದುಕೊಂಡರೆ ಮಾತ್ರ ಹಳಗನ್ನಡದಲ್ಲಿ ಸಿಕ್ಕಿಬೀಳುತ್ತೀರಿ. ‘ಱ’ ಆ ವ್ಯಾಪ್ತಿಯೊಳಗೇ ಇದೆ, ‘ೞ’ ಇಲ್ಲ. ಅದನ್ನು ಎಲ್ಲೋ ದೂರ 3294ರಲ್ಲಿ ಕೂರಿಸಿದ್ದಾರೆ. ಇನ್ನೂ ಸೋಜಿಗವೆಂದರೆ ಅದರ ಅಧಿಕೃತ ಹೆಸರು. ಪೈಥಾನನ್ನು ಈ ಅಕ್ಷರದ ಹೆಸರೇನೆಂದು ಕೇಳಿದರೆ ‘ಕನ್ನಡ ಲೆಟರ್ ಫಾ’ ಎನ್ನುತ್ತದೆ. ಯಾರೋ ಆರಂಭದಲ್ಲಿ ತಪ್ಪಾಗಿ ಇಟ್ಟ ಹೆಸರು. ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲವೆಂಬುದು ಯೂನಿಕೋಡಿನ ಕಟ್ಟುನಿಟ್ಟು. ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿ ಕೈಬಿಟ್ಟಿದ್ದಾರೆ.

ಅಕ್ಷರ ಒಡೆಯಲು ಬಂತೆಂದರೆ ಛಂದಸ್ಸು ತಾನಾಗಿ ಒಲಿಯುತ್ತದೆ. ದೀರ್ಘಸ್ವರ, ಅನುಸ್ವಾರ, ವಿಸರ್ಗವಿದ್ದರೆ ಗುರು, ಮುಂದಿನದು ಒತ್ತಕ್ಷರವಾಗಿದ್ದರೂ ಗುರು, ಉಳಿದವು ಲಘು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ದೇವಣಗಾಂವಕ್ಕೆ ಎರಡು, ಒಂದು, ಒಂದು, ಎರಡು, ಒಂದು, ಒಟ್ಟು ಏಳು ಮಾತ್ರೆ. ಬಸವಣ್ಣನಿಗೆ ಐದು, ಏಕೆಂದರೆ ‘ಣ್ಣ’ದ ಹಿಂದಿನ ‘ವ’ ಗುರುವಾಗುತ್ತದೆ. ಸಂಕೇತಬಿಂದುಗಳನ್ನು ಎಣಿಸುತ್ತಾ ಕೂತರೆ ಈ ಲೆಕ್ಕ ಯಾವ ಜನ್ಮಕ್ಕೂ ಸಿಗದು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಹದಿನಾಲ್ಕು ಮಾತ್ರೆ ಬಂತೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ ಕಾಲೇಜು ಹುಡುಗ ಹುಡುಗಿಯರಿಗೆ ಒಳ್ಳೆಯ ಅಭ್ಯಾಸ. ಕನ್ನಡ ಮೇಷ್ಟ್ರಿಗೂ ಕಂಪ್ಯೂಟರ್ ಮೇಷ್ಟ್ರಿಗೂ ಒಟ್ಟಿಗೆ ಕೂರಲು ಒಂದು ನೆಪ.

ದೊಡ್ಡ ಪ್ರಮಾಣದಲ್ಲಿ ಇದೆಲ್ಲ ಒಂದೆಡೆ ಕೂಡಿ ಬಂದದ್ದು ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ. ಹಳಕಟ್ಟಿಯವರು ತಾಳೆಗರಿಗಳಿಂದ ಆಯ್ದು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದು 1923ರಲ್ಲಿ. ಆಮೇಲೆ ಸಮಗ್ರ ವಚನ ಸಂಪುಟ 15 ಸಂಪುಟಗಳಲ್ಲಿ ಬಂತು. ಸಂಚಯ ತಂಡದ ಓಂಶಿವಪ್ರಕಾಶ್, ಪವಿತ್ರ, ದೇವರಾಜು ಮೊದಲಾದ ತಂತ್ರಜ್ಞರು, ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಅವರಂಥ ಸಾಹಿತಿಗಳ ಜೊತೆಗೂಡಿ 21 ಸಾವಿರದಷ್ಟು ವಚನಗಳನ್ನು ಹುಡುಕಬಲ್ಲ ರೂಪಕ್ಕೆ ತಂದರು. ಒಂದು ಪದ ಕೊಟ್ಟರೆ ಅದು ಯಾರ ಯಾರ ವಚನಗಳಲ್ಲಿ ಎಷ್ಟು ಸಲ ಬಂದಿದೆ ಎಂದು ನೋಡಬಹುದು. ಇಂಥ ಪದಸೂಚಿ ಕಟ್ಟುವವರಿಗೆ ಮೇಲೆ ಹೇಳಿದ ಒಂದೊಂದು ತೊಡಕೂ ಎದುರಾಗುತ್ತದೆ. ಪದವನ್ನು ತಪ್ಪಾಗಿ ಕತ್ತರಿಸಿದರೆ, ಬಿಡಿಸಿದ ‘ೇ’ಯನ್ನು ಕೂಡಿಸದೆ ಬಿಟ್ಟರೆ ಎಣಿಕೆ ಸುಳ್ಳಾಗುತ್ತದೆ, ಅದರ ಮೇಲೆ ಕಟ್ಟಿದ ಸಂಶೋಧನೆಯೂ ಸುಳ್ಳಾಗುತ್ತದೆ. ಬಸವನ ಬಾಗೇವಾಡಿಯ ಬಸವಣ್ಣನ ಅಂಕಿತವನ್ನೇ ನೋಡಿ: ಕೂಡಲಸಂಗಮದೇವ, ಕೂಡಲಸಂಗಮದೇವಾ, ಕೂಡಲಸಂಗಯ್ಯ. ಇವನ್ನು ಒಂದೇ ಎನ್ನಬೇಕೋ ಬೇರೆ ಎನ್ನಬೇಕೋ ಎಂಬುದನ್ನು ಯಾವ ಲೈಬ್ರರಿಯೂ ತೀರ್ಮಾನಿಸದು. ಅದಕ್ಕೆ ವಚನ ಓದಿದವರೇ ಬೇಕು.

ಅಕಾರಾದಿಯ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಂಕೇತಬಿಂದುಗಳ ಕ್ರಮದಲ್ಲೇ ಜೋಡಿಸಿದರೆ ‘ಳ’ ಬಂದು ‘ಲ’ದ ಪಕ್ಕ ಕೂರುತ್ತದೆ, ಏಕೆಂದರೆ ಅದರ ಸಂಖ್ಯೆ 3251. ನಮ್ಮ ನಿಘಂಟುಗಳಲ್ಲಿ ಅದರ ಜಾಗ ‘ಹ’ ಆದಮೇಲೆ. ಪೈಥಾನಿನ ಮಾಮೂಲಿ ಜೋಡಣೆಯಲ್ಲಿ ಬಳ್ಳಾರಿ ಮೊದಲು, ಬಸವನ ಬಾಗೇವಾಡಿ ಆಮೇಲೆ. ನಿಘಂಟಿನ ಕ್ರಮದಲ್ಲಿ ತಿರುಗುಮುರುಗು. ಐಸಿಯು ಎಂಬ ಮುಕ್ತ ಲೈಬ್ರರಿಯಲ್ಲಿ ಕನ್ನಡಕ್ಕೇ ಬರೆದ ಜೋಡಣಾಕ್ರಮವಿದೆ. ಪೈಥಾನಿನಿಂದ ಅದನ್ನು ಬಳಸಬಹುದು. ಕನ್ನಡದ ಪಟ್ಟಿ ಅಚ್ಚಿಗೆ ಹೋಗುವ ಮುನ್ನ ಬಳಸಲೇಬೇಕು.

ಕೊನೆಯದಾಗಿ ಅಭ್ಯಾಸದ ಮಾತು. ಕನ್ನಡ ಪಠ್ಯ ಮುಟ್ಟುವ ಯಾವ ಪ್ರೋಗ್ರಾಂ ಬರೆದರೂ ಅದರ ಜೊತೆ ಪರೀಕ್ಷಾಪದಗಳ ಒಂದು ಚಿಕ್ಕ ಪಟ್ಟಿ ಇಡಿ: ದೇವಣಗಾಂವ, ಬಸವಣ್ಣ, ಸೂರ್ಯ, ರ‍್ಯಾಂಕ್, ಸಾಫ್ಟ್‌ವೇರ್, ‘ೞ’ ಇರುವ ಒಂದು ಹಳಗನ್ನಡ ಪದ, ಬಿಡಿಸಿ ಬರೆದ ‘ೋ’ ಇರುವ ಒಂದು ಪದ. ಪ್ರತಿಯೊಂದಕ್ಕೂ ಬರಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟು, ಕೋಡು ಬದಲಿಸಿದಾಗಲೆಲ್ಲ ಓಡಿಸಿ ನೋಡಿ. ದೋಷ ಕಂಡರೆ ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದು ಬರೆದು ಕೂರಬೇಡಿ. ಯಾವ ಪದ, ಅದರ ಸಂಕೇತಬಿಂದುಗಳ ಸಂಖ್ಯೆಗಳೇನು, ಏನು ಬರಬೇಕಿತ್ತು, ಏನು ಬಂತು, ಈ ನಾಲ್ಕು ಸಾಲು ಕೊಟ್ಟರೆ ಕನ್ನಡ ಬಾರದ ಪ್ರೋಗ್ರಾಮರೂ ಸರಿಪಡಿಸಬಲ್ಲರು. ಯೂನಿಕೋಡ್ ಒಕ್ಕೂಟ ಸಾರ್ವಜನಿಕರ ಅಭಿಪ್ರಾಯಗಳನ್ನು ಸ್ವೀಕರಿಸುತ್ತದೆ; ಬರೆಯಲು ದೊಡ್ಡ ಹುದ್ದೆ ಬೇಕಿಲ್ಲ. ಒತ್ತಕ್ಷರ ಒಡೆಯಬಾರದೆಂಬ ನಿಯಮಕ್ಕೆ ಕನ್ನಡದ ವಿರಾಮವನ್ನು, ಅಂದರೆ 3277ನ್ನು, ಸೇರಿಸಿ ಎಂದು ಉದಾಹರಣೆಗಳ ಸಮೇತ ಕೇಳುವ ಹಕ್ಕು ಈ ಪುಟ ಓದುತ್ತಿರುವ ಪ್ರತಿಯೊಬ್ಬರಿಗೂ ಇದೆ. ಸಿಂದಗಿಯ ಕಾಲೇಜಿನಲ್ಲಿ ಕೂತು ಬರೆದರೂ ಅದು ತಲುಪುತ್ತದೆ. ಬರೆಯಿರಿ.